ಜಾಯ್ಸ್ ಆಂಟಿಯ ಗಂಟಲು

ಜಾಯ್ಸ್ ಆಂಟಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಡ್ಯೂಸೆಲ್ಡಾರ್ಫಿನ ಟ್ರಾಮಿನಲ್ಲಿ ಅವರು ಫೋನು ಎತ್ತಿದರೆ ಮುಂದಿನ ಡಬ್ಬಿಯ ಜರ್ಮನ್ನರೂ ತಿರುಗಿ ನೋಡುತ್ತಾರೆ. ಉಡುಪಿಯ ಹತ್ತಿರದ ಶಿರ್ವದಲ್ಲಿ, ಗದ್ದೆಯ ಈ ಬದಿಯಿಂದ ಆ ಬದಿಗೆ ಕೂಗಿ ಬೆಳೆದ ಗಂಟಲು ಅದು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷಗಳಿಂದ ನರ್ಸ್ ಆಗಿದ್ದಾರೆ. ಕಿವಿ ಮಂದವಾದ ಮುದುಕರಿಗೆಲ್ಲ ಅವರೇ ಬೇಕು.

ನಾನು ನಿಶ್ಚಿತಾ, ಮೈಸೂರಿನವಳು, ಅವರ ಕೆಳಗಿನ ಮನೆಯಲ್ಲಿದ್ದೇನೆ. ಐಟಿ ಕಂಪನಿಯಲ್ಲಿ ಕೆಲಸ ಮುಗಿಸಿ ಬಂದು ಗೋಡೆ ನೋಡುತ್ತ ಕೂರುತ್ತಿದ್ದ ನನ್ನನ್ನು ಆಂಟಿಯೇ ಚರ್ಚಿನ ಹಾಡುವ ತಂಡವಾದ ಕಾಯರ್‌ಗೆ ಎಳೆದುಕೊಂಡು ಹೋದರು. "ಮನೇಲಿ ಕೂತು ಎಂತ ಮಾಡ್ತಿ ಮಾರಾಯ್ತಿ? ಬಾ, ಬಾಯಿ ತೆರೆದ್ರೆ ಸಾಕು" ಎಂದರು. ಮೈಸೂರಿನ ನನ್ನ ಸಂಗೀತದ ಮೇಡಂ ಎರಡನೇ ತಿಂಗಳಿಗೇ, ನೀನು ವೀಣೆ ಕಲಿಯುವುದು ವಾಸಿ ಎಂದಿದ್ದ ಸಂಗತಿಯನ್ನು ನಾನು ಹೇಳಲು ಹೋಗಲಿಲ್ಲ.

ಆಂಟಿ ಆ ಕಾಯರ್ ಸೇರಿದ್ದಕ್ಕೆ ಬೇರೆ ಕಾರಣವಿತ್ತು. ಮಂಗಳೂರು ಕಡೆಯ ಕ್ರಿಶ್ಚಿಯನ್ನರ ಮನೆಯಲ್ಲಿ ಮದುವೆಗೆ ಮುಂಚೆ ರೋಸ್ ಎಂಬ ಶಾಸ್ತ್ರವಿದೆ. ಹುಡುಗಿಯನ್ನು ಕೂರಿಸಿ, ತಲೆಗೆ ತೆಂಗಿನಹಾಲು ಹಚ್ಚಿ, ಹೆಂಗಸರು ಕೊಂಕಣಿಯಲ್ಲಿ ವೊವಿ ಹಾಡುತ್ತಾರೆ. ಒಬ್ಬಳು ಸಾಲು ಹೇಳುತ್ತಾಳೆ, ಉಳಿದವರು ಅದರ ಬಾಲ ಹಿಡಿದು ಎಳೆಯುತ್ತಾರೆ. ಹುಡುಗಿಯ ಹೆಸರು, ಅಪ್ಪ ಅಮ್ಮನ ಹೆಸರು ಎಲ್ಲವನ್ನೂ ಅಲ್ಲೇ ಆ ಸಾಲಿನಲ್ಲಿ ಹೆಣೆಯಬೇಕು. ಈ ಊರಿನಲ್ಲಿ ಯಾರ ರೋಸ್ ಇದ್ದರೂ ಮೊದಲ ಸಾಲು ಆಂಟಿಯದೇ ಆಗಿತ್ತು. ಕೆಲವು ವರ್ಷಗಳ ಹಿಂದೆ ಗಂಡ ಮೆಲ್ರಾಯ್ ಅಂಕಲ್ ಹೃದಯಾಘಾತದಿಂದ ಹೋದರು. ಗಂಡ ಬದುಕಿರುವ ಹೆಂಗಸರು ಮಾತ್ರ ವೊವಿ ಹೇಳಬೇಕೆಂಬುದು ಹಳೆಯ ಕಟ್ಟಳೆ. ಆಂಟಿಯ ಮುಖಕ್ಕೆ ಯಾರೂ ಏನೂ ಹೇಳಲಿಲ್ಲ. ಕರೆಯುವುದನ್ನು ನಿಲ್ಲಿಸಿದರು, ಅಷ್ಟೆ. ನನಗೆ ಕೇಳಿದರೆ ಮುಖಕ್ಕೆ ಬೈಯುವುದೇ ಎಷ್ಟೋ ಮೇಲು.

"ಕಾಯರ್‌ನಲ್ಲಿ ಸೋಪ್ರಾನೋನಾ ಆಲ್ಟೋನಾ, ದನಿ ಮೇಲಿನದಾ ಕೆಳಗಿನದಾ ಅಂತ ಮಾತ್ರ ಕೇಳ್ತಾರೆ, ಗಂಡನ ವಿಷಯ ಕೇಳುದಿಲ್ಲ" ಎಂದು ಆಂಟಿ ನಗುತ್ತಿದ್ದರು. ಆ ನಗು ನನಗೆ ಹಿಡಿಸುತ್ತಿರಲಿಲ್ಲ.

ಕಳೆದ ವಸಂತದಲ್ಲಿ ನಮ್ಮ ಕಾಯರ್ ನಡೆಸುವ ಜರ್ಮನ್ ಹೆಂಗಸು ಫ್ರಾವ್ ಬ್ರೆಮರ್ ಸ್ಪೇನ್ ದೇಶದ ಒಬ್ಬ ಹಳೆಯ ಸಂಯೋಜಕನ ಹಾಡುಗಳನ್ನು ತಂದರು. ಆತ ದೊಡ್ಡ ಸಭಾಂಗಣಗಳಿಗೆ ಸಂಗೀತ ಬರೆದವನು. ಆದರೆ ಆ ಹಾಡುಗಳನ್ನು ಕಟ್ಟಿದ್ದು ಹಳ್ಳಿಯ ಹೆಂಗಸರು ತೊಟ್ಟಿಲು ತೂಗುತ್ತ, ರಾಶಿ ಮಾಡುತ್ತ ಹಾಡಿಕೊಳ್ಳುತ್ತಿದ್ದ ಧಾಟಿಗಳ ಮೇಲೆ. ಪಿಯಾನೋ ಕೂಡ ಗಿಟಾರಿನ ತಂತಿ ಮೀಟಿದ ಹಾಗೆ ಟಣಟಣ ಎನ್ನುತ್ತದೆ. ಒಂದು ಹಾಡಿನಲ್ಲಿ ಸಾಲಿನ ಕೊನೆಗೆ "ಆಯ್" ಎಂಬ ಉದ್ಗಾರ ಬರುತ್ತದೆ. ನಾವೆಲ್ಲ ಅದನ್ನು, ಬ್ರೆಮರ್ ಕಲಿಸಿದ ಹಾಗೆ, ಬಾಯೊಳಗೆ ಮೊಟ್ಟೆ ಇಟ್ಟುಕೊಂಡವರಂತೆ ದುಂಡಗೆ ಹಾಡಿದೆವು. ಕೇಳಲು ಚೆನ್ನಾಗಿತ್ತು, ಮದುವೆ ಊಟದಲ್ಲಿ ಉಪ್ಪು ಮರೆತ ಸಾರಿನ ಹಾಗೆ.

ಆಂಟಿ ಮಾತ್ರ ಅದನ್ನು ಗಂಟಲಿನಿಂದ ಎತ್ತಿ, ಅರ್ಧ ಮೂಗಿಗೆ ತಂದು, ನಡುಗಿಸಿ ಕೆಳಗೆ ಬಿಟ್ಟರು. ಹಿಂದಿನ ಸಾಲಿನ ಗಂಡಸರು ಹಾಡುವುದನ್ನೇ ನಿಲ್ಲಿಸಿದರು. ಈಗ ಬೈಗುಳ ಬಂತು ಎಂದುಕೊಂಡೆ. ಬ್ರೆಮರ್ ಪಿಯಾನೋದಿಂದ ಎದ್ದು ಬಂದು, "ಇನ್ನೊಂದು ಸಲ" ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಆತ ಕಾಗದದ ಮೇಲೆ ಬರೆದದ್ದು ಮೂಳೆ ಮಾತ್ರ. ಮಾಂಸ ಇವರ ಗಂಟಲಲ್ಲಿದೆ. ಎಲ್ಲರೂ ಹೀಗೇ ಹಾಡಿ" ಎಂದರು. ಪಾಪ, ಜರ್ಮನ್ ಅಜ್ಜಿಯರು ವಾರಗಟ್ಟಲೆ ಗಂಟಲು ಕೆರೆದುಕೊಂಡರು.

ಅವತ್ತೇ ಆಂಟಿ ಬ್ರೆಮರ್ ಅವರನ್ನು ಕೇಳಿದರು, ಈ ಹಾಡನ್ನು ಆತನಿಗೆ ಹೇಳಿಕೊಟ್ಟ ಹೆಂಗಸು ಯಾರು ಎಂದು. ಬ್ರೆಮರ್ ಪುಸ್ತಕ ತಿರುವಿದರು. ಸಂಯೋಜಕನ ಹೆಸರು ದಪ್ಪ ಅಕ್ಷರದಲ್ಲಿತ್ತು, ಅದರ ಕೆಳಗೆ ಸಣ್ಣದಾಗಿ 'ಜಾನಪದ' ಎಂದಿತ್ತು. ಬೇರೇನೂ ಇರಲಿಲ್ಲ.

ವಾಪಸು ಬರುವಾಗ ಆಂಟಿ ಟ್ರಾಮಿನಲ್ಲಿ ಕುದಿಯುತ್ತಿದ್ದರು. "ಜಾನಪದ ಅಂದ್ರೆ ಎಂತದು? ಆ ಹೆಂಗಸಿಗೆ ಹೆಸರಿಲ್ವಾ? ಅವಳ ಅಪ್ಪ ಅಮ್ಮ ಇಟ್ಟ ಹೆಸರು 'ಜಾನಪದ' ಅಂತವಾ?"

"ಬಿಡಿ ಆಂಟಿ, ನೂರು ವರ್ಷದ ಹಿಂದಿನ ಮಾತು" ಎಂದೆ.

"ಬಿಡ್ಬೇಕಂತೆ!" ಎಂದು ಕಿಟಕಿಯ ಕಡೆ ತಿರುಗಿದರು. ಎರಡು ಸ್ಟಾಪ್ ದಾಟಿದ ಮೇಲೆ ಮತ್ತೆ ನನ್ನ ಕಡೆ ತಿರುಗಿ ಹೇಳಿದರು. "ಆದ್ರೆ ಅವ ಒಂದು ಕೇಳಿರ್ಲಿಕ್ಕಿಲ್ಲ ನೋಡು. ನಿನ್ನ ಗಂಡ ಇದ್ದಾನಾ ಅಂತ ಕೇಳಿ ಹಾಡು ಬರ್ಕೊಂಡಿರ್ಲಿಕ್ಕಿಲ್ಲ."

ಆಗ ನನಗೆ ಅರ್ಥವಾಯಿತು, ಅವರ ತಲೆಯಲ್ಲಿ ಇದ್ದದ್ದು ಸ್ಪೇನ್ ಅಲ್ಲ. ಜೂನ್ ತಿಂಗಳಲ್ಲಿ ಅವರ ಒಬ್ಬಳೇ ಮಗಳು ಪವಿಯ ಮದುವೆ ಇತ್ತು.

ಪವಿ ಇಲ್ಲೇ ಬೆಳೆದವಳು, ಹುಡುಗನೂ ಜರ್ಮನ್. ರೋಸ್ ಬೇಕೇ ಬೇಕು ಎಂದು ಹಟ ಹಿಡಿದವಳು ಅವಳೇ. ಏರ್ಪಾಡೆಲ್ಲ ಇಲ್ಲಿನ ಮಂಗಳೂರಿನವರ ಸಂಘದ ಹಿರಿಯರಾದ ಹೆಲೆನ್ ಅವರದು. ಹೆಲೆನ್ ಬೆಂಗಳೂರಿನಲ್ಲಿ ಬೆಳೆದವರು. ಕೊಂಕಣಿ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ. ವೊವಿ ಒಂದು ಸಾಲೂ ಗೊತ್ತಿಲ್ಲ, ಅದರ ಕಟ್ಟಳೆಗಳು ಮಾತ್ರ ಬಾಯಿಪಾಠ. ಅವರು ಆಂಟಿಯ ಮನೆಗೆ ಬಂದು, ನನ್ನೆದುರಿಗೇ, "ಹಾಡಿಗೆ ನೀನು ತಲೆ ಕೆಡಿಸ್ಕೋಬೇಡ ಜಾಯ್ಸ್. ಯೂಟ್ಯೂಬ್‌ನಲ್ಲಿ ಚೆನ್ನಾಗಿರೋದೇ ಇದೆ, ಸ್ಪೀಕರ್ ತರ್ತೀನಿ. ಹುಡುಗಿ ಒಳ್ಳೇದಕ್ಕೆ ತಾನೇ?" ಎಂದರು. ನನಗೆ ರೇಗಿಹೋಯಿತು. ಅವರು ಹೋದ ಮೇಲೆ, "ಯಾಕೆ ಸುಮ್ಮನಿದ್ರಿ?" ಎಂದು ಜಗಳಕ್ಕೇ ನಿಂತೆ.

"ನಾಳೆ ಪವಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೇ ಕಟ್ತಾರೆ ಮಾರಾಯ್ತಿ" ಎಂದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗ. ನನಗೆ ಅಳು ಬಂತು.

ರೋಸ್ ನಡೆದದ್ದು ಚರ್ಚಿನ ಹಾಲ್‌ನಲ್ಲಿ. ನೆಲ ಒದ್ದೆಯಾಗಬಾರದೆಂದು ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ತಾಕೀತು ಮಾಡಿದ್ದರಿಂದ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಪವಿಯನ್ನು ಕೂರಿಸಿದ್ದರು. ಏಷ್ಯನ್ ಅಂಗಡಿಯ ಡಬ್ಬಿಯ ತೆಂಗಿನಹಾಲು ಬೋಗುಣಿಯಲ್ಲಿತ್ತು. ಒಂದು ಕಡೆ ಮಂಗಳೂರಿನವರು, ಇನ್ನೊಂದು ಕಡೆ ನಮ್ಮ ಕಾಯರ್‌ನವರು, ಬ್ರೆಮರ್ ಸಮೇತ. ಆಂಟಿ ರೇಷ್ಮೆ ಸೀರೆ ಉಟ್ಟು, ಅತಿಥಿಯ ಹಾಗೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

ಹೆಲೆನ್ ಸ್ಪೀಕರ್ ಒತ್ತಿದರು. ಮೊದಲು ಬ್ಯಾಂಕಿನ ಜಾಹೀರಾತು ಬಂತು, ಆಮೇಲೆ ವೊವಿ. ಚೆನ್ನಾಗಿಯೇ ಇತ್ತು. ಆದರೆ ಎರಡನೇ ಸಾಲಿಗೆ ಅದು ಲವೀನಾ ಎಂಬ ಹುಡುಗಿಯನ್ನು ಹರಸಲು ಶುರುಮಾಡಿತು. ಯಾರದೋ ಮನೆಯ ರೋಸ್‌ನಲ್ಲಿ ಹಿಡಿದ ಹಾಡು ಅದು. ಮೂರನೇ ಸಾಲಿಗೆ ಲವೀನಾಳ ಅಪ್ಪನ ಹೆಸರೂ ಬಂತು.

ಪವಿ ತಲೆಯೆತ್ತಿ ಅಮ್ಮನ ಕಡೆ ನೋಡಿ, "ಮಮ್ಮಾ, ವೇರ್ ಇಸ್ಟ್ ಲವೀನಾ? ಯಾರು ಅವಳು?" ಎಂದಳು. ಹಣೆಯಿಂದ ತೆಂಗಿನಹಾಲು ಇಳಿದು ಅವಳ ಕಣ್ಣಿಗೆ ಹೋಗುತ್ತಿತ್ತು. "ನನ್ನ ಪಪ್ಪನ ಹೆಸರು ಬರಲ್ವಾ ಇದ್ರಲ್ಲಿ?"

ಆಂಟಿ ಎದ್ದರು. ನೇರವಾಗಿ ಹೋಗಿ ಸ್ಪೀಕರಿನ ಕತ್ತು ಹಿಸುಕಿದರು.

"ಜಾಯ್ಸ್, ಬೇಡ" ಎಂದು ಹೆಲೆನ್ ಕೈ ಹಿಡಿದರು. "ಶುಭಕಾರ್ಯ ಇದು. ನಿನ್ನ ಮಗಳಿಗೇ ಒಳ್ಳೇದಲ್ಲ."

"ನನ್ನ ಮಗಳ ತಲೆ ಮೇಲೆ ಯಾರದೋ ಮಗಳಿಗೆ ಆಶೀರ್ವಾದ ಮಾಡಿದ್ರೆ ಒಳ್ಳೇದಾ?" ಆಂಟಿಯ ದನಿ ಈಗ ಗದ್ದೆ ದಾಟುವ ದನಿ. "ಹೆಲೆನಕ್ಕ, ನನ್ನ ಗಂಡ ಸತ್ತದ್ದು ಹೌದು. ನನ್ನ ಗಂಟಲು ಸತ್ತಿಲ್ಲ. ಕೈ ಬಿಡಿ."

ಹೆಲೆನ್ ಕೈ ಬಿಟ್ಟರು. ಆಂಟಿ ಮಗಳ ಮುಂದೆ ನಿಂತು, ಶಿಲುಬೆಯ ಗುರುತು ಮಾಡಿ ಮೊದಲ ಸಾಲು ಎತ್ತಿದರು. ಅದರಲ್ಲಿ ಪವಿಯ ಹೆಸರಿತ್ತು. ಸಾಲು ಮುಗಿದರೂ ಬಾಲ ಹಿಡಿಯಲು ಯಾರೂ ಬಾಯಿ ತೆರೆಯಲಿಲ್ಲ. ಮಂಗಳೂರಿನ ಹೆಂಗಸರು ಹೆಲೆನ್ ಮುಖ ನೋಡಿದರು, ಹೆಲೆನ್ ಪ್ಲಾಸ್ಟಿಕ್ ಹಾಳೆ ನೋಡಿದರು. ಆಂಟಿ ಒಬ್ಬರೇ ನಿಂತಿದ್ದರು. ಅವರು ನಿಲ್ಲಿಸಲಿಲ್ಲ. ಎರಡನೇ ಸಾಲು ಎತ್ತಿದರು, ಮೆಲ್ರಾಯ್ ಎಂಬ ಹೆಸರನ್ನು ಅದರಲ್ಲಿ ಹೆಣೆದರು, ಆ ಹೆಸರಿನ ಮೇಲೆ ದನಿಯನ್ನು ನಡುಗಿಸಿ ಕೆಳಗೆ ಬಿಟ್ಟರು.

ಆಗ ನಮ್ಮ ಕಡೆಯಿಂದ ಉತ್ತರ ಹೋಯಿತು. ಬ್ರೆಮರ್ ಶುರುಮಾಡಿದರೋ ಅಥವಾ ನಾನೋ, ತಿಳಿಯದು. ಕೊಂಕಣಿ ಒಂದಕ್ಷರ ಬಾರದ ನಾವೆಲ್ಲ, ಸ್ಪೇನಿನ ಹಾಡಿಗೆಂದು ಆಂಟಿಯೇ ಕಲಿಸಿದ್ದ ಆ ಒರಟು ಗಂಟಲಿನಲ್ಲಿ, ಸಾಲಿನ ಬಾಲ ಹಿಡಿದು ಎಳೆದೆವು. ಮೂರನೇ ಸಾಲಿಗೆ ಮಂಗಳೂರಿನ ಒಬ್ಬಾಕೆ ತಡೆಯಲಾರದೆ ಸೇರಿಕೊಂಡರು. ಆಮೇಲೆ ಉಳಿದವರೂ ಸೇರಿದರು. ಹೆಲೆನ್ ಮಾತ್ರ ಸ್ಪೀಕರನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಹೋದರು. ಪವಿ ಅಳುತ್ತ ನಗುತ್ತ ಕೂತಿದ್ದಳು. ಹಾಲು ಪ್ಲಾಸ್ಟಿಕ್ ಹಾಳೆ ದಾಟಿ ನೆಲಕ್ಕೆ ಹರಿಯಿತು.

ಪವಿಗೆ ಏನೂ ಆಗಲಿಲ್ಲ. ಗಂಡನ ಜೊತೆ ಹೈಡೆಲ್‌ಬರ್ಗಿನಲ್ಲಿದ್ದಾಳೆ, ಎಲ್ಲ ಗಂಡಹೆಂಡಿರ ಹಾಗೆ ಪಾತ್ರೆ ತೊಳೆಯುವುದಕ್ಕೆ ಜಗಳವಾಡುತ್ತಾಳೆ.

ನವೆಂಬರಿನಲ್ಲಿ ಹೆಲೆನ್ ಆಂಟಿಯ ಮನೆಗೆ ಬಂದರು, ನಾನೂ ಅಲ್ಲಿದ್ದೆ. ಚಹಾ ತಣ್ಣಗಾಗುವವರೆಗೆ ಹವಾಮಾನದ ಮಾತಾಡಿ, ಕೊನೆಗೆ, "ನಮ್ಮ ಮಗಳ ಮದುವೆ ಗೊತ್ತಾಗಿದೆ. ರೋಸ್‌ಗೆ ನೀನು ಬಂದು... ಅವಳಿಗೆ ನೀನೇ ಬೇಕಂತೆ" ಎಂದರು.

"ಬರ್ತೇನೆ" ಎಂದರು ಆಂಟಿ. "ಆದ್ರೆ ಇನ್ವಿಟೇಶನ್‌ನಲ್ಲಿ ನನ್ನ ಹೆಸರು ಹಾಕ್ಬೇಕು. ವೊವಿ ಹೇಳುವವರು, ದಿವಂಗತ ಮೆಲ್ರಾಯ್ ಅವರ ಹೆಂಡತಿ ಜಾಯ್ಸ್ ಅಂತ."

ಹೆಲೆನ್ ಬೆಚ್ಚಿದರು. "ದಿವಂಗತ ಅಂತ ಮದುವೆ ಕಾರ್ಡಲ್ಲಾ? ಸುಮ್ನೆ 'ಜಾನಪದ ಹಾಡುಗಳು' ಅಂತ ಹಾಕಿದ್ರೆ ಸಾಲಲ್ವಾ?"

"ಹಾಗಾದ್ರೆ ಜಾನಪದವನ್ನೇ ಕರೆದು ಹಾಡಿಸಿ" ಎಂದು ಆಂಟಿ ಎದ್ದು, ತಣ್ಣಗಾದ ಚಹಾ ಬಿಸಿಮಾಡಲು ಒಳಗೆ ಹೋದರು.

ಕಾರ್ಡು ಮೊನ್ನೆ ಬಂತು. ಹೆಸರು ಇದೆ, ಎರಡೂ ಹೆಸರುಗಳು.