ನನ್ನ ಮಾತು ಹೊತ್ತು ಬಂದ ಕಾಕು

ಮೊನ್ನೆ ನಿಪ್ಪಾಣಿಯ ಓಣಿಯಲ್ಲಿ ಯಾರೋ ಬೀಡಿ ಎಲೆ ನೆನೆಹಾಕಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದ ಕೂಡಲೇ ಎದುರುಮನೆಯ ಕಾಕು ನೆನಪಾದಳು. ನಂಟಲ್ಲ, ಓಣಿಯವರೆಲ್ಲ ಅವಳನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಬಾಯಿ ಒರಟು, ಕೈ ಚುರುಕು. ಅವಳ ಕಟ್ಟೆಯ ಮೇಲೆ ಕೂತು, ಮೊರ ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಬೀಡಿ ಕಟ್ಟುತ್ತಿದ್ದೆವು.

ಎಂಬತ್ತರ ದಶಕದ ಮಾತು. ಗಂಡ ತೀರಿಕೊಂಡ ಮೇಲೆ ನನ್ನ ತಲೆ ಕೆಟ್ಟಿತು. ಹಾಗೆ ಹೇಳಲು ನಾಚಿಕೆಯಿಲ್ಲ. ನಿದ್ದೆಯಿಲ್ಲ, ಊಟವಿಲ್ಲ, ಕಿವಿಯಲ್ಲಿ ಯಾರದೋ ದನಿ... ನನ್ನನ್ನು ದೊಡ್ಡಾಸ್ಪತ್ರೆಯಲ್ಲಿ ಬಿಟ್ಟು, ಮಗಳನ್ನು ಸದ್ಯಕ್ಕೆ ತನ್ನ ಮನೆಗೆ ಒಯ್ಯುವುದೆಂದು ಗಂಡನ ಅಣ್ಣ, ನನ್ನ ಬಾವ, ನಿರ್ಧರಿಸಿದ. ನನ್ನನ್ನು ಯಾರೂ ಕೇಳಲಿಲ್ಲ. ಕಾಕು ಕೇಳಿದಳು.

"ನಿನಗೇನ್ ಬೇಕ ಬೇ?"

"ಗುಳಿಗಿ ತಗೋತೀನಿ. ಮಗಳನ್ನ ಬಿಟ್ಟು ಇರಂಗಿಲ್ಲ."

"ನನಗನಸೂದು ಒಂದ್ ತಿಂಗಳ ನೀ ಅಲ್ಲೇ ಇದ್ರ ಚಲೋ. ಇರ್ಲಿ, ನಡಿ," ಎಂದು ಮರುದಿನ ಕೆಲಸ ಬಿಟ್ಟು, ಆಸ್ಪತ್ರೆಗೆ ಹೊರಟ ನನ್ನ ಮತ್ತು ಬಾವನ ಜೊತೆ ಬಸ್ಸು ಹತ್ತಿದಳು.

ಡಾಕ್ಟರರ ಮುಂದೆ ನನ್ನ ಬಾಯಿ ಬಿಗಿದುಹೋಯಿತು. ಬೆರಳುಗಳು ಮಾತ್ರ ಗಾಳಿಯಲ್ಲಿ ಏನನ್ನೋ ಸುತ್ತುತ್ತಿದ್ದವು. ಅವರು ಅದನ್ನು ನೋಡಿ ಬರೆದುಕೊಂಡರು. "ದಿನಾ ಹಿಂಗ ಮಾಡ್ತಾಳ್ರಿ," ಎಂದ ಬಾವ.

ಕಾಕು ನಕ್ಕೇಬಿಟ್ಟಳು. "ಅದು ಹುಚ್ಚಲ್ರಿ ಸಾಹೇಬ್ರ, ಬೀಡಿ! ನನ್ನ ಕೈನೂ ನೋಡ್ರಿ, ನಿದ್ದ್ಯಾಗೂ ಕಟ್ತಾವ. ನನ್ನೂ ಇಲ್ಲೇ ಇಟ್ಕೋತೀರೇನ?"

ಡಾಕ್ಟರರೂ ನಕ್ಕು, ಬರೆದದ್ದನ್ನು ಹೊಡೆದುಹಾಕಿದರು. ಕಾಕು ಚೀಲದಿಂದ ಎಲೆ, ದಾರ ತೆಗೆದು ನನ್ನ ಮಡಿಲಿಗೆ ಹಾಕಿದಳು.

ಬಾವನಿಗೆ ಸಿಟ್ಟು ಬಂತು. "ಏ ಮುದುಕಿ, ನಡುವ ನಿಂದೇನ? ನೀ ಈಕಿಗೆ ಏನಾಗಬೇಕ?"

"ಏನೂ ಆಗಬೇಕಾಗಿಲ್ಲ. ಅದಕ್ಕ ಬಂದೀನಿ. ಆಕಿ ಮಾತಾಡ್ಲಿ, ತಡಿ."

ಕೈಗೆ ಕೆಲಸ ಸಿಕ್ಕಿತು. ಎರಡು ಎಲೆ ಸುತ್ತುವಷ್ಟರಲ್ಲಿ ಬಾಯಿಯೂ ಬಿಟ್ಟಿತು. "ಗುಳಿಗಿ ತಗೋತೀನ್ರಿ..." ಎಂದು ಅರ್ಧಕ್ಕೆ ನಿಂತೆ. ಮಿಕ್ಕದ್ದನ್ನು ಕಾಕು ಹೇಳಿದಳು, ಹಿಂದಿನ ದಿನ ನಾನು ಅವಳಿಗೆ ಹೇಳಿದ್ದಷ್ಟನ್ನೇ. ತನಗನಿಸಿದ್ದನ್ನು ಈಗ ಹೇಳಿಯಾಳು ಎಂದು ನಾನು ಹೆದರಿ ಕಾಯುತ್ತಿದ್ದೆ. ಹೇಳಲಿಲ್ಲ.

ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಬೇಕೆಂದು ಹೇಳಿ ಡಾಕ್ಟರರು ಮನೆಗೆ ಕಳಿಸಿದರು. ಮಗಳು ನನ್ನ ಬಳಿಯೇ ಬೆಳೆದಳು. ಬೇನೆ ಮುಂದೆಯೂ ಒಮ್ಮೆ ಮರುಕಳಿಸಿತು. ಆಗ ಆಸ್ಪತ್ರೆಯಲ್ಲಿ ಇರುತ್ತೇನೆಂದು ನಾನೇ ಹೇಳಿದೆ, ಕಾಕು ಅದಕ್ಕೂ ಜೊತೆಗೆ ಬಂದಳು.

ಅವಳ ಕೊನೆಗಾಲದಲ್ಲಿ ನಾನು ರಾಯಬಾಗದಲ್ಲಿ ಮಗಳ ಮನೆಯಲ್ಲಿದ್ದೆ. ಅವಳ ಮಕ್ಕಳು ಅವಳನ್ನು ಮಿರಜಿನ ಆಸ್ಪತ್ರೆಗೆ ಒಯ್ದರಂತೆ, ಅಲ್ಲೇ ತೀರಿಹೋದಳು. ನಿನಗೇನು ಬೇಕು ಎಂದು ಅವಳನ್ನು ಯಾರಾದರೂ ಕೇಳಿದರೋ ಇಲ್ಲವೋ... ನಾನಂತೂ ಅಲ್ಲಿರಲಿಲ್ಲ.

ಈಗ ಪಕ್ಕದ ಮನೆಯ ಸೊಸೆಗೆ ತಿಂಗಳಿಂದ ನಿದ್ದೆಯಿಲ್ಲ. ನಾಳೆ ಅವಳ ಜೊತೆ ಆಸ್ಪತ್ರೆಗೆ ಹೋಗುತ್ತೇನೆ. ಅಲ್ಲೇ ಉಳಿಯುತ್ತೇನೆ ಅನ್ನುತ್ತಾಳೆ. ಮನೆಯಲ್ಲಿದ್ದರೇ ವಾಸಿ ಎಂದು ನನಗನಿಸುತ್ತದೆ. ಅವಳಿಗೆ ಅದನ್ನು ಒಮ್ಮೆ ಹೇಳಿದ್ದೇನೆ. ಡಾಕ್ಟರರ ಮುಂದೆ ಹೇಳುವುದಿಲ್ಲ.