ಬೆರಳ ಗೆರೆ ಮತ್ತು ಯಾರೂ ನಿಲ್ಲಿಸದ ಗಡಿಯಾರ

ನಾಸಿಕದ ಆ ಶಾಲೆಯ ವರಾಂಡದಲ್ಲಿ ಅವತ್ತು ನಿಂತವರೆಲ್ಲ ಹಡೆದವರು, ಇಲ್ಲವೆ ಹಡೆದವರನ್ನು ಹಡೆದವರು. ಒಳಗೆ ಸಭಾಂಗಣದಲ್ಲಿ ಜಿಲ್ಲೆಯ ಶಾಲಾ ಹುಡುಗಿಯರ ಚೆಸ್ ಪಂದ್ಯ ನಡೆದಿತ್ತು. ಹೊರಗೆ ನಾವು ಕಿಟಕಿಯ ಸರಳಿಗೆ ಹಣೆ ಹಚ್ಚಿ ನಿಂತಿದ್ದೆವು. ನನ್ನ ಎಡಕ್ಕೆ ಒಬ್ಬ ಬುರ್ಖಾದ ತಾಯಿ. ಮಾಲೇಗಾಂವ್‌ನಿಂದ ಮಗಳನ್ನು ಕರೆದುಕೊಂಡು ಮೊದಲ ಬಸ್ಸಿಗೇ ಬಂದವಳು. ಬಲಕ್ಕೆ ಒಬ್ಬ ತಂದೆ. ಮಗಳು ಹೋಗುವ ಚೆಸ್ ಕ್ಲಾಸಿನ ಟೀ ಶರ್ಟ್ ತಾನೂ ತೊಟ್ಟಿದ್ದ, ಒಂದು ಕ್ಷಣವೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಆತನ ಮಗಳು ಮತ್ತು ನನ್ನ ಮೊಮ್ಮಗಳು ಕೊನೆಯ ಸುತ್ತಿನಲ್ಲಿ ಎದುರುಬದುರು ಕೂತಿದ್ದರು. ಇಬ್ಬರಲ್ಲಿ ಗೆದ್ದವಳಿಗೆ ಜಿಲ್ಲೆಯ ತಂಡದಲ್ಲಿ ಜಾಗ. ತಂಡ ಮುಂದೆ ಆಡಲು ಸಂಭಾಜಿನಗರಕ್ಕೆ ಹೋಗುವುದಿತ್ತು.

ನಮ್ಮವಳಿಗೆ ಕ್ಲಾಸೂ ಇಲ್ಲ, ಕೋಚೂ ಇಲ್ಲ. ಮಳೆಗಾಲದಲ್ಲಿ ಮೈದಾನ ಕೆಸರಾದಾಗ ಅವರ ಶಾಲೆಯ ಪಿ.ಟಿ. ಮಾಸ್ತರರು ಮಕ್ಕಳು ಗದ್ದಲ ಮಾಡದಿರಲಿ ಎಂದು ಚೆಸ್ ಹಲಗೆ ಹಾಸಿ ಕೂರಿಸಿದರು. ಉಳಿದ ಮಕ್ಕಳು ಮಳೆ ನಿಂತಾಗ ಎದ್ದು ಓಡಿದರು. ಇವಳು ಏಳಲಿಲ್ಲ. ಮಗ ಮತ್ತು ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಹಾಗಾಗಿ ಪಂದ್ಯಗಳಿಗೆ ಡಬ್ಬಿ ಕಟ್ಟಿಕೊಂಡು ಕರೆದೊಯ್ಯುವ ಕೆಲಸ ನನಗೆ ಬಂತು. ಕುದುರೆ ಹೇಗೆ ಓಡುತ್ತದೆ ಎಂದು ಅವಳು ಎಷ್ಟೋ ಸಲ ಹೇಳಿಕೊಟ್ಟಳು. ನನ್ನ ತಲೆಗೆ ಹತ್ತಲಿಲ್ಲ. ಆದರೆ ಆಟ ಹೇಗೆ ನಡೆದಿದೆ ಎಂಬುದು ನನಗೆ ಹಲಗೆ ನೋಡದೆಯೇ ತಿಳಿಯುತ್ತದೆ. ಅವಳು ಕುರ್ಚಿಯ ಕೆಳಗೆ ಕಾಲು ತೂಗಾಡಿಸುತ್ತಿದ್ದರೆ ಎಲ್ಲ ಚೆನ್ನಾಗಿದೆ. ಕಾಲು ನಿಂತು ಜಡೆಯ ತುದಿ ಬಾಯಿಗೆ ಹೋಯಿತೆಂದರೆ ಏನೋ ಕೆಟ್ಟಿದೆ.

ಅವತ್ತು ಕಾಲು ತೂಗುತ್ತಿತ್ತು.

ನಾನು ಬೀದರ ಕಡೆಯವಳು. ಈ ಊರಿಗೆ ಸೊಸೆಯಾಗಿ ಬಂದು ಕೂದಲು ಬೆಳ್ಳಗಾದರೂ ನನ್ನ ಕನ್ನಡ ಇನ್ನೂ ನನ್ನ ಅಜ್ಜಿಯದೇ. ಮಾತು ಕಲಿಸಿದ ಅಜ್ಜಿಯೇ ಜಪವನ್ನೂ ಕಲಿಸಿದಳು. ಮಣಿ ಬೇಡ, ಬೆರಳು ಸಾಕು ಎನ್ನುತ್ತಿದ್ದಳು. ಒಂದೊಂದು ಬೆರಳಿಗೆ ಮೂರು ಗೆರೆ, ಹೆಬ್ಬೆರಳಿನಿಂದ ಒಂದೊಂದೇ ಮುಟ್ಟುತ್ತ ‘ನಮಃ ಶಿವಾಯ’ ಅನ್ನುವುದು. “ಮಣಿ ಹಿಡಕೊಂಡ್ರ ಮಂದಿಗಿ ಕಾಣ್ತದವ್ವ. ಬೆರಳ ಮ್ಯಾಲ ಎಣಿಸಿದ್ರ ಶಿವಗಷ್ಟೇ ಗೊತ್ತಾಗ್ತದ” ಎಂಬುದು ಅವಳ ಮಾತು. ಪಾಪ, ಅವಳಿಗೆ ಚೆಸ್ ಆಡುವ ಮಕ್ಕಳ ತಂದೆಯರ ಪರಿಚಯ ಇರಲಿಲ್ಲ.

ಆಟ ಶುರುವಾಗುವ ಮೊದಲು ನಾನು ಕಿಟಕಿಯಿಂದ, “ನೀರು ಕುಡದಿಯೇನವ್ವ? ಅವಸರ ಮಾಡಬ್ಯಾಡ” ಎಂದಿದ್ದೆ. ಅವಳು ಎಂದಿನಂತೆ ಮರಾಠಿಯಲ್ಲಿ, “ಹೋ ಆಜಿ, ತೂ ಗಪ್ಪ ಬಸ್” ಎಂದಳು. ಸುಮ್ಮನೆ ಕೂಡು ಅಂತ. ಕನ್ನಡ ಅವಳ ಕಿವಿಯಲ್ಲಿ ಇದೆ, ನಾಲಿಗೆಗೆ ಇನ್ನೂ ಇಳಿದಿಲ್ಲ. ಅಲ್ಲಿಂದ ನಾನು ಬಾಯಿ ಬಿಡಲಿಲ್ಲ. ಸರಳಿನ ಮೇಲೆ ಕೈಯಿಟ್ಟು ಬೆರಳು ಎಣಿಸುತ್ತ ನಿಂತೆ.

ಆ ತಂದೆ ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಒಮ್ಮೆಲೇ ಕೂಗಿದ. “ಸರ್! ಅಹೋ ಸರ್! ಈ ಮುದುಕಿ ಚಾಲ್ ಹೇಳ್ತಿದ್ದಾಳೆ, ಯಾವ ಕಾಯಿ ನಡೆಸಬೇಕು ಅಂತ! ಬೆರಳಿನಿಂದ ಹೇಳ್ತಿದ್ದಾಳೆ! ಮೊದಲು ಕಾನಡೀ ಭಾಷೆಯಲ್ಲಿ ಹೇಳಿದಳು, ಈಗ ಸನ್ನೆ ಖೂಣ ಮಾಡ್ತಿದ್ದಾಳೆ. ನನ್ನ ಹತ್ತಿರ ವಿಡಿಯೋ ಇದೆ!”

ಅವನ ಮೊಬೈಲಿನಲ್ಲಿ ನಿಜಕ್ಕೂ ನನ್ನ ಕೈ ಇತ್ತು. ನನ್ನ ಬಳೆ, ನನ್ನ ಸೊಟ್ಟ ಕಿರುಬೆರಳು. ದೇವರ ಹೆಸರು ಹೇಳುವ ಕೈಯನ್ನು ಕಳ್ಳನ ಕೈಯಂತೆ ಹಿಡಿದು ನಾಲ್ಕು ಜನಕ್ಕೆ ತೋರಿಸುತ್ತಿದ್ದ. “ನೋಡಿ, ಈ ಬೆರಳು ಅಂದ್ರೆ ಈ ಸಾಲು, ಈ ಗೆರೆ ಅಂದ್ರೆ ಈ ಮನೆ” ಎಂದು ವಿವರಿಸುತ್ತಿದ್ದ. ನೋಡುತ್ತಿದ್ದವರಲ್ಲಿ ಇಬ್ಬರು ತಲೆಯಾಡಿಸಿದರು ಸಹ!

ಮಾಲೇಗಾಂವ್‌ನ ತಾಯಿ ಹಿಂದಿಯಲ್ಲಿ ಕೇಳಿದಳು. “ಭಾಯಿ, ಹಲಗೆಯ ಮೇಲೆ ಅರವತ್ನಾಲ್ಕು ಮನೆ. ಆಜಿಯ ಕೈಯಲ್ಲಿ ಹನ್ನೆರಡು ಗೆರೆ. ಉಳಿದ ಮನೆ ಎಲ್ಲಿ, ಕಾಲಿನ ಬೆರಳಲ್ಲೇನು?”

ಯಾರೋ ನಕ್ಕರು. ಅವಳು ನಗಲಿಲ್ಲ. ತನ್ನ ಕೈ ಮುಂದೆ ಮಾಡಿ, ಹೆಬ್ಬೆರಳನ್ನು ಗೆರೆಯಿಂದ ಗೆರೆಗೆ ಸರಿಸಿ ತೋರಿಸಿದಳು. “ನಾವೂ ನಮಾಜ್ ಆದ ಮೇಲೆ ಹೀಗೇ ಎಣಿಸ್ತೀವಿ. ನನ್ನದೂ ವಿಡಿಯೋ ತಗೊಳ್ಳಿ.”

“ನೀವು ನಡುವೆ ಬರಬೇಡಿ ತಾಯಿ,” ಎಂದ ಆತ.

ಅಷ್ಟರಲ್ಲಿ ಪಂದ್ಯದ ತೀರ್ಪುಗಾರರು, ಆರ್ಬಿಟರ್ ಎನ್ನುತ್ತಾರಲ್ಲ ಅವರು, ಎದ್ದು ನೇರವಾಗಿ ನನ್ನ ಮೊಮ್ಮಗಳ ಮೇಜಿಗೆ ಹೋದರು. ನಡೆ ಅವಳದಿತ್ತು. ಚೆಸ್ ಗಡಿಯಾರದಲ್ಲಿ ಎರಡು ಸಮಯ ಇರುತ್ತವೆ, ಯಾರ ನಡೆಯೋ ಅವರ ಸಮಯ ಕರಗುತ್ತದೆ, ಸೊನ್ನೆಗೆ ಬಂದರೆ ಆಟ ಹೋಯಿತು. ಅವಳ ಸಮಯ ಕರಗುತ್ತಿತ್ತು. ಅವಳ ಬಳಿ ಒಂದು ಆನೆ ಹೆಚ್ಚಿತ್ತು, ಇನ್ನು ನಾಲ್ಕಾರು ನಡೆಯಲ್ಲಿ ಮುಗಿಯುವ ಆಟ ಅದು ಎಂದು ಆಮೇಲೆ ಎಲ್ಲರೂ ಹೇಳಿದರು. ಆದರೆ ಆರ್ಬಿಟರ್ ಬಂದು ಮಾತಾಡಿಸಿದ ಕೂಡಲೇ ನಮ್ಮವಳು ಎದ್ದು ನಿಂತಳು. ತರಗತಿಯಲ್ಲಿ ಗುರುಗಳು ಕೇಳಿದರೆ ನಿಲ್ಲುತ್ತಾರಲ್ಲ, ಹಾಗೆ, ಎರಡೂ ಕೈ ಹಿಂದೆ ಕಟ್ಟಿ.

“ಆ ಆಜಿ ನಿನಗೇನು ಹೇಳಿದರು?”

“ನೀರು ಕುಡಿ ಅಂದ್ಲು ಸರ್,” ಎಂದಳು ಮರಾಠಿಯಲ್ಲಿ.

“ಯಾವ ಭಾಷೆಯಲ್ಲಿ?”

“ಕನ್ನಡ ಸರ್.”

“ಮರಾಠಿಯಲ್ಲಿ ಯಾಕೆ ಹೇಳಲಿಲ್ಲ?”

ಇದಕ್ಕೆ ಆ ಕೂಸು ಏನು ಉತ್ತರ ಕೊಡಬೇಕು? ನಾನು ಹೊರಗಿನಿಂದ ಕೂಗಿದೆ. “ಸರ್, ನನ್ನ ಕೇಳ್ರಿ. ಅಕಿನ ಆಡ್ಲಾಕ ಬಿಡ್ರಿ. ಜಪ ಮಾಡ್ಲಾಕತ್ತೀನ್ರಿ ನಾನು!” ಸಿಟ್ಟಿಗೆ ನನ್ನ ಬಾಯಿಂದ ಮರಾಠಿ ಬಿಟ್ಟು ಮತ್ತೆ ಕನ್ನಡವೇ ಬಂತು. “ನೋಡಿದಿರಾ, ಮತ್ತೆ ಹೇಳಿದಳು!” ಎಂದ ಟೀ ಶರ್ಟಿನವ.

ನನ್ನನ್ನು ಒಳಗೆ ಕರೆಸಿದರು. ಎಣಿಸಿ ತೋರಿಸಿ ಎಂದರು. ತೋರಿಸಿದೆ. ಇನ್ನೊಮ್ಮೆ, ನಿಧಾನಕ್ಕೆ ಎಂದರು. ಅಷ್ಟೂ ಮಕ್ಕಳು ಆಟ ಬಿಟ್ಟು ನನ್ನ ಕೈ ನೋಡುತ್ತಿದ್ದರು. ನನ್ನ ಮೊಮ್ಮಗಳು ನಿಂತೇ ಇದ್ದಳು, ಜಡೆಯ ತುದಿ ಬಾಯಲ್ಲಿತ್ತು. “ಆಜಿಗೆ ಕುದುರೆ ಹೆಂಗ್ ಓಡ್ತದ ಗೊತ್ತಿಲ್ಲ ಸರ್” ಎಂದಳು. ಅಷ್ಟು ಜನರ ಮುಂದೆ ಅವಳು ಕನ್ನಡದಲ್ಲಿ ಹೇಳಿದ ಮೊದಲ ಪೂರ್ತಿ ಮಾತು ಅದು. ಯಾರಿಗೂ ಅರ್ಥವಾಗಲಿಲ್ಲ.

ಕೊನೆಗೆ ಆರ್ಬಿಟರ್, “ಪುರಾವೆ ಇಲ್ಲ. ಆಜಿ, ನೀವು ಗೇಟಿನ ಹೊರಗೆ ಹೋಗಿ. ಆಟ ಮುಂದುವರಿಯಲಿ” ಎಂದರು. ಆಗ ಎದುರಿನ ಹುಡುಗಿ ಸಣ್ಣ ದನಿಯಲ್ಲಿ ಗಡಿಯಾರ ತೋರಿಸಿದಳು. ನಮ್ಮವಳ ಕಡೆ ಸೊನ್ನೆ ಇತ್ತು.

ನಾನು ಕೇಳಿದೆ, ಕೈ ಮುಗಿದು ಕೇಳಿದೆ. ವಿಚಾರಣೆ ನೀವು ಮಾಡಿದ್ದು, ಹೊತ್ತು ನೀವು ಕಳೆದದ್ದು, ಅದನ್ನು ಮಗುವಿನ ತಲೆಗೆ ಯಾಕೆ ಕಟ್ಟುತ್ತೀರಿ? ಅದಕ್ಕೆ ಅವರು ಕೊಟ್ಟ ಉತ್ತರ ಇದು. “ಆಟಗಾರ್ತಿ ಗಡಿಯಾರ ನಿಲ್ಲಿಸಬಹುದಿತ್ತು. ನಿಯಮದಲ್ಲಿ ಇದೆ. ನಿಲ್ಲಿಸಲಿಲ್ಲ.”

ಈ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿದೆ. ನಿಲ್ಲಿಸಬಹುದು ಎಂದು ಆರ್ಬಿಟರ್‌ಗೆ ಗೊತ್ತಿತ್ತು, ಅವರೇ ಕೈ ಚಾಚಿ ನಿಲ್ಲಿಸಬಹುದಿತ್ತು. ಆ ತಂದೆಗೆ ಗೊತ್ತಿತ್ತು. ಎದುರಿನ ಹುಡುಗಿಗೂ ಗೊತ್ತಿತ್ತು, ಕ್ಲಾಸಿನಲ್ಲಿ ಕಲಿಸಿರುತ್ತಾರೆ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಕೈ ಕುಲುಕುವಾಗ ಆ ಹುಡುಗಿಯ ಕಣ್ಣೂ ತುಂಬಿತ್ತು. ಗೊತ್ತಿಲ್ಲದಿದ್ದವಳು ನಮ್ಮವಳೊಬ್ಬಳೇ. ನಾವು ಅವಳಿಗೆ ಕಲಿಸಿದ್ದೇನು? ದೊಡ್ಡವರು ಮಾತಾಡುವಾಗ ಎದ್ದು ನಿಲ್ಲು, ಕೇಳಿದ್ದಕ್ಕೆ ಉತ್ತರ ಕೊಡು, ನಡುವೆ ಕೈ ಹಾಕಬೇಡ. ಅಷ್ಟನ್ನೂ ಅವಳು ಪಾಲಿಸಿದಳು. ಮರ್ಯಾದೆಯಿಂದ ನಿಂತ ಮಗುವಿನ ಕಣ್ಣೆದುರು ಅವಳ ಸಮಯವನ್ನು ದೊಡ್ಡವರೇ ಕುಡಿದು ಮುಗಿಸಿದರು. ಬುದ್ಧಿಯ ಆಟವಂತೆ ಇದು! ಅಷ್ಟು ಬುದ್ಧಿವಂತರು ಸೇರಿದ ಕೋಣೆಯಲ್ಲಿ ಒಂದು ಗುಂಡಿ ಒತ್ತುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ಗೇಟಿನ ಹೊರಗೆ ಮಾಲೇಗಾಂವ್‌ನ ತಾಯಿ ಕಾಯುತ್ತಿದ್ದಳು. ನನ್ನ ಮೊಮ್ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದಳು. “ಬೇಟಾ, ನನ್ನ ಮಗಳಿಗೂ ಒಮ್ಮೆ ಹೀಗೇ ಆಗಿತ್ತು. ನೆನಪಿಡು. ಯಾರೇ ಬಂದು ಮಾತಾಡಿಸಲಿ, ಮೊದಲು ಗಡಿಯಾರ ನಿಲ್ಲಿಸು. ಆಮೇಲೆ ಕೈ ಎತ್ತು. ಏಳಬೇಡ.” ನಮ್ಮವಳು ತಲೆಯಾಡಿಸಿದಳು. ರಿಕ್ಷಾದಲ್ಲಿ ಅವಳು ಅಳಲಿಲ್ಲ. ಮನೆ ಹತ್ತಿರ ಬಂದಾಗ ಮಾತ್ರ, “ಆಜಿ, ನಾನು ಚೀಟಿಂಗ್ ಮಾಡ್ದೆ ಅಂತ ಶಾಲೆಯಲ್ಲಿ ಹೇಳ್ತಾರಾ?” ಎಂದು ಮರಾಠಿಯಲ್ಲಿ ಕೇಳಿದಳು. ಆ ಮನುಷ್ಯ ಆಗ ಎದುರಿಗಿದ್ದಿದ್ದರೆ ನನ್ನ ಬೆರಳು ಇನ್ನೇನೇನು ಮಾಡಬಲ್ಲವು ಎಂದು ತೋರಿಸುತ್ತಿದ್ದೆ.

ಜಿಲ್ಲೆಯ ತಂಡ ಸಂಭಾಜಿನಗರಕ್ಕೆ ಹೋಗಿ ಬಂತು, ನಮ್ಮವಳಿಲ್ಲದೆ. ಇನ್ನು ನಾನು ಪಂದ್ಯಗಳಿಗೆ ಬರುವುದಿಲ್ಲ, ನನ್ನಿಂದಲೇ ನಿನಗೆ ಕಂಟಕ ಎಂದೆ. ಅವಳು ಮುಖ ಊದಿಸಿಕೊಂಡು, “ನೀ ಬರದಿದ್ರ ನಾ ಆಡಂಗಿಲ್ಲ” ಎಂದಳು. ಕನ್ನಡದಲ್ಲೇ ಹೇಳಿದ್ದರಿಂದ ನನಗೆ ಇಲ್ಲ ಎನ್ನಲು ಆಗಲಿಲ್ಲ.

ಚಳಿಗಾಲದಲ್ಲಿ ಸಂಭಾಜಿನಗರದಲ್ಲೇ ಒಂದು ಪಂದ್ಯ ನಡೆಯಿತು, ಆಯ್ಕೆ ಗೀಯ್ಕೆ ಇಲ್ಲದೆ ಯಾವ ಮಕ್ಕಳೂ ಆಡಬಹುದಾದದ್ದು. ರೈಲಿನಲ್ಲಿ ಹೋದೆವು. ಅಲ್ಲೂ ಕಿಟಕಿ ಇತ್ತು, ಸರಳಿತ್ತು. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೇ ನಿಂತಿದ್ದೆ. ಆಟ ಬಿಗಿಯಾದಾಗ ಸೆರಗು ಯಾವಾಗ ಜಾರಿತೋ ತಿಳಿಯದು. ಬ್ಯಾಡ್ಜ್ ಹಾಕಿಕೊಂಡ ಒಬ್ಬ ಯುವಕ ಬಂದು, “ಆಜಿ, ಕೈ ಯಾಕೆ ಹಾಗೆ ಆಡಿಸ್ತೀರಿ? ಇಲ್ಲಿಂದ ಸರೀರಿ” ಎಂದು ಜೋರಾಗಿಯೇ ಹೇಳಿದ.

ಒಳಗಿಂದ ನನ್ನ ಮೊಮ್ಮಗಳು ತಲೆ ಎತ್ತಿ ನೋಡಿದಳು. ಕೈ ಚಾಚಿ ಗಡಿಯಾರದ ನಡುವಿನ ಗುಂಡಿ ಒತ್ತಿದಳು. ಕೂತಲ್ಲಿಂದ ಏಳದೆ ಕೈ ಎತ್ತಿದಳು. ಅಲ್ಲಿನ ಆರ್ಬಿಟರ್ ಒಬ್ಬ ಹೆಣ್ಣುಮಗಳು. ಬಂದು ಬಗ್ಗಿದರು. “ಮ್ಯಾಡಮ್, ಅದು ನನ್ನ ಆಜಿ. ಬೆರಳ ಮೇಲೆ ಜಪ ಮಾಡ್ತಾಳೆ. ಏನಾದ್ರೂ ಕೇಳೋದಿದ್ರೆ ಈಗಲೇ ಕೇಳಿ, ಗಡಿಯಾರ ನಿಂತಿದೆ” ಎಂದಳು. ಅವರು ಕಿಟಕಿಯ ಕಡೆ ಒಮ್ಮೆ ನೋಡಿದರು. ಆ ಯುವಕನನ್ನು ಕರೆದು ನನಗೊಂದು ಕುರ್ಚಿ ಕಳಿಸಿದರು, ಕಿಟಕಿಯಿಂದ ತುಸು ದೂರಕ್ಕೆ. ಆಮೇಲೆ ಗಡಿಯಾರ ಮತ್ತೆ ಓಡಿತು.

ಆ ಆಟ ಅವಳು ಸೋತಳು. ಎದುರಿನವಳ ವಜೀರ ಬಂದು ರಾಜನನ್ನು ಮೂಲೆಗೆ ಒತ್ತಿತಂತೆ. ಕೈ ಕುಲುಕಿ ಹೊರಗೆ ಬಂದು ನನ್ನ ಚೀಲದಿಂದ ಡಬ್ಬಿ ತೆಗೆದಳು. ಗಡಿಯಾರದಲ್ಲಿ ಅವಳ ಸಮಯ ಇನ್ನೂ ಉಳಿದಿತ್ತು.