ಗೋಷಾ ಬೇಗಮಳ ಗರಿ

ಯಲ್ಲಾಪುರದಲ್ಲಿ ಅರಬ್ಬೀ ಸಿತಾರ್ ಇದ್ದದ್ದು ಒಂದೇ ಮನೆಯಲ್ಲಿ, ಲಾರಿ ಡ್ರೈವರ್ ಹಯಾತನ ಮನೆಯಲ್ಲಿ. ಅದು ಸಿತಾರ್ ಅಲ್ಲ, ಔದ್ ಎಂದು ಹಯಾತ್ ಮೊದಮೊದಲು ತಿದ್ದುತ್ತಿದ್ದ. ಆಮೇಲೆ ತಿದ್ದುವುದಕ್ಕೂ ಬೇಸರವಾಗಿ ಬಿಟ್ಟುಬಿಟ್ಟ. ಕುಂಬಳಕಾಯಿಯನ್ನು ಉದ್ದಕ್ಕೆ ಸೀಳಿ ಹಲಗೆ ಮುಚ್ಚಿದಂಥ ಹೊಟ್ಟೆ, ಹಿಂದಕ್ಕೆ ಮಡಿಚಿಕೊಂಡ ಕತ್ತು, ಹನ್ನೊಂದು ತಂತಿ. ಅವನ ಸೋದರಮಾವ ಬಸ್ರಾ ಬಂದರಿನಲ್ಲಿ ಹದಿನಾಲ್ಕು ವರ್ಷ ಮೂಟೆ ಹೊತ್ತು ಊರಿಗೆ ತಂದದ್ದು ಇಷ್ಟೇ: ಈ ವಾದ್ಯ, ಅದನ್ನು ಮೀಟುವ ಗೇಣುದ್ದದ ಒಂದು ಕೊಂಬಿನ ಕಡ್ಡಿ, ಮತ್ತು ಒಂದು ಕೆಮ್ಮು. ಕೆಮ್ಮು ಮಾವನನ್ನು ಕರೆದುಕೊಂಡು ಹೋಯಿತು. ವಾದ್ಯ, ಕಡ್ಡಿ, ಮಾವ ಕಲಿಸಿದ ಮೂರೇ ಮೂರು ಧಾಟಿ ಅಳಿಯನಿಗೆ ಉಳಿದವು.

ಐವತ್ತಾರರಲ್ಲಿ, ಬೊಂಬಾಯಿ ಸರಕಾರ ಹೋಗಿ ಮೈಸೂರು ಸರಕಾರ ಬಂತೆಂದು ಊರೆಲ್ಲ ಮಾತಾಡುತ್ತಿದ್ದಾಗ, ಹಯಾತನ ಮನೆಯಲ್ಲಿ ಆ ಕಡ್ಡಿ ಮುರಿಯಿತು. ಸರಕಾರ ಯಾವುದಾದರೂ ಲಾರಿ ಓಡಿಸುವುದು ತಪ್ಪುತ್ತಿರಲಿಲ್ಲ. ಕಡ್ಡಿ ಇಲ್ಲದೆ ಮಾತ್ರ ಅವನ ದಿನ ಮುಗಿಯುತ್ತಿರಲಿಲ್ಲ.

ಇದು ಅತಿಶಯದ ಮಾತಲ್ಲ. ಕಾಡಿನಿಂದ ಮರದ ದಿಮ್ಮಿ ಹೇರಿಕೊಂಡು ಅರೆಬೈಲು ಘಟ್ಟ ಇಳಿಯುವುದು, ಖಾಲಿ ಲಾರಿ ಹತ್ತಿಸಿಕೊಂಡು ಬರುವುದು, ಮತ್ತೆ ಹೇರುವುದು. ಸಂಜೆ ಮನೆಗೆ ಬಂದಾಗ ಹೆಗಲು ಅವನದಲ್ಲ, ಸೊಂಟ ಅವನದಲ್ಲ. ಗೋಡೆಗೆ ಒರಗಿ ಅರ್ಧ ಗಂಟೆ ಬಾರಿಸಿದರೆ ಆಮೇಲೆ ಬಾಯಿ ಬಿಟ್ಟು ಹೆಂಡತಿಯ ಹತ್ತಿರ ಎರಡು ಮಾತಾಡುತ್ತಿದ್ದ, ಅನ್ನ ಚೆನ್ನಾಗಿದೆ ಎನ್ನುತ್ತಿದ್ದ. ಬಾರಿಸದ ದಿನ ಅವನೂ ಒಂದು ದಿಮ್ಮಿಯೇ. ಹೆಂಡತಿ ಬದ್ರುನ್ನಿಸಾಗೆ ಸಂಗೀತ ಅಷ್ಟಕ್ಕಷ್ಟೇ, ಆದರೆ ಈ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಕಡ್ಡಿ ಮಾಡುವ ಕೆಲಸ ಶುರುವಾಯಿತು. ಬಿದಿರಿನ ಸಿಬಿರು ತಂತಿಯ ಮೇಲೆ ಟಕಟಕ ಎಂದಿತು, ಬಾಗಿಲು ಬಡಿದ ಹಾಗೆ. ಕೋಣದ ಕೊಂಬು ತಂದು ಮೆತ್ತಗಾಗಲೆಂದು ಬೇಯಿಸಿದ. ನಾತಕ್ಕೆ ನೆರೆಯವರು ಬಂದು ಇಣುಕಿದರು, ಬದ್ರುನ್ನಿಸಾ ಕೊಂಬನ್ನೂ ಪಾತ್ರೆಯನ್ನೂ ಒಟ್ಟಿಗೆ ಹಿತ್ತಲಿಗೆ ಎಸೆದಳು. ಶಿರಸಿಯ ಪೇಟೆಯಿಂದ ಅವಳಿಗೆಂದೇ ತಂದಿದ್ದ ಪ್ಲಾಸ್ಟಿಕ್ ಬಾಚಣಿಗೆಯ ಬೆನ್ನನ್ನು ಒಂದು ದಿನ ಕೊಯ್ದೇಬಿಟ್ಟ. ಅದು ಒಂದಿಷ್ಟು ನಡೆಯಿತು, ಆದರೆ ಸ್ವರ ಒಣಒಣ.

“ಇನ್ನೊಂದ್ ಸಲ ನನ್ ಬಾಚಣಿಗೆ ಮುಟ್ಟಿದ್ರೆ ನಿಮ್ ಸಿತಾರ್ ಒಲೆಗೆ ಹೋಗ್ತದೆ, ನೋಡಿ,” ಎಂದಳು. ಮೂರು ದಿನ ಕೈಯಲ್ಲೇ ಕೂದಲು ಬಿಡಿಸಿಕೊಂಡು, ಅವನ ಎದುರಿಗೇ ಕೂತು ಬಿಡಿಸಿಕೊಂಡು, ಸೇಡು ತೀರಿಸಿಕೊಂಡಳು.

ಹಳೆಯ ಕಾಲದಲ್ಲಿ ಬಸ್ರಾದವರು ಹದ್ದಿನ ಗರಿಯ ದಂಟಿನಿಂದ ಮೀಟುತ್ತಿದ್ದರಂತೆ ಎಂದು ಮಾವ ಹೇಳಿದ್ದು ಆಮೇಲೆ ನೆನಪಾಯಿತು. ಕಾಗೆಯ ಗರಿ ಬಳುಕಿತು. ನವಿಲಿನದು ನೋಡಲಿಕ್ಕೆ ಚಂದ, ಕೆಲಸಕ್ಕೆ ಸೊನ್ನೆ. ಹದ್ದಿನದು ಎರಡೇ ವಾರಕ್ಕೆ ಸೀಳಿತು. ಕೊನೆಗೆ ಐವತ್ತೇಳರ ಫೆಬ್ರವರಿಯಲ್ಲಿ ಘಟ್ಟದ ದಾರಿಯಲ್ಲಿ ಲಾರಿಗೆ ನೀರು ಹಾಕಲು ನಿಲ್ಲಿಸಿದಾಗ, ಒಂದು ದೊಡ್ಡ ಮರದ ಬುಡದಲ್ಲಿ ಮೊಳದುದ್ದದ ಗರಿ ಬಿದ್ದಿತ್ತು. ಬಿಳಿ, ಅಂಚಿಗೆ ಅರಿಸಿನ ಒರೆಸಿದಂತೆ ಹಳದಿ. ದಂಟು ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. ಮನೆಗೆ ತಂದು ಒಂದು ಬದಿಯನ್ನು ಬ್ಲೇಡಿನಿಂದ ಹೆರೆದು, ತುದಿಯನ್ನು ಎಣ್ಣೆಯಲ್ಲಿ ನೆನೆಸಿ ಮೀಟಿದ. ಮಾವನ ಧಾಟಿ ಮಾವನ ದನಿಯಲ್ಲೇ ಬಂತು. ಹಯಾತ್ ಆ ಸಂಜೆ ಊಟ ಮರೆತ.

ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಗರಿ ಅದು. ಆ ಮರದ ಪೊಟರೆಯಲ್ಲಿ ಪ್ರತಿ ವರ್ಷ ಹೆಣ್ಣು ಹಕ್ಕಿ ಹೊಕ್ಕು ಕೂರುತ್ತದೆ, ಪೊಟರೆಯ ಬಾಯಿಗೆ ಗಾರೆ ಮೆತ್ತಿ ಒಂದು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಒಳಗೇ ಮೊಟ್ಟೆ ಇಟ್ಟು, ರೆಕ್ಕೆಯ ಗರಿಗಳನ್ನೆಲ್ಲ ಉದುರಿಸಿ ಸೀಳಿನಿಂದ ಹೊರಗೆ ತಳ್ಳುತ್ತದೆ. ಹೊಸ ಗರಿ ಬರುವ ತನಕ ಗಂಡು ತಂದ ಹಣ್ಣೇ ಗತಿ. ಇದನ್ನು ಕೇಳಿದ ಬದ್ರುನ್ನಿಸಾ ಬಾಯಿಗೆ ಸೆರಗು ಮುಚ್ಚಿ ನಕ್ಕಳು.

“ಗೋಷಾ ಬೇಗಂ! ಪರದೆ ಒಳಗೇ ವಾಸ. ನಮಗಿಂತ ಪರವಾಗಿಲ್ಲ, ಅವಳಿಗೆ ಅಡಿಗೆ ಕೆಲಸ ಇಲ್ಲ.”

ಅಂದಿನಿಂದ ಪ್ರತಿ ವರ್ಷ ಫೆಬ್ರವರಿಯಲ್ಲಿ ಅವನು ಎರಡೋ ಮೂರೋ ಗರಿ ಹೆಕ್ಕಿ ತರುವನು, ಒಂದು ವರ್ಷಕ್ಕೆ ಅಷ್ಟು ಸಾಕು. ಬೇಸಗೆ ಮುಗಿಯುವ ಹೊತ್ತಿಗೆ ಅವಳು ತಪ್ಪದೆ ಕೇಳುವಳು, “ಬೇಗಂ ಹೊರಗೆ ಬಂದ್ಲಾ?” ಬಂದ್ಲು ಎಂದು ಅವನು ಹೇಳಿದರೆ ಅವಳಿಗೆ ಸಮಾಧಾನ. ಮಕ್ಕಳಿಲ್ಲದ ಆ ಮನೆಯಲ್ಲಿ ಅದೊಂದು ನೆಂಟರ ಸುದ್ದಿಯಾಗಿತ್ತು.

ಅರವತ್ಮೂರರ ಮಾರ್ಚಿನಲ್ಲಿ ಆ ಪಟ್ಟಿಯ ಕಾಡನ್ನೆಲ್ಲ ಸವರಿ ಸಾಗುವಾನಿ ನೆಡುವುದೆಂದಾಯಿತು. ಬೇಗಮಳ ಮರಕ್ಕೂ ಕಡಿಯುವ ಮುದ್ರೆ ಬಿದ್ದದ್ದನ್ನು ಕಂಡು ಹಯಾತ್ ಲಾರಿ ನಿಲ್ಲಿಸಿದ. ಕಡಿಯುವ ಗುಂಪಿನ ಮುಕಾದಮ ಶಿವಲಿಂಗಪ್ಪ ಬನವಾಸಿ ಕಡೆಯವನು, ಮಾತಿನಲ್ಲಿ ಒರಟು, ಮನಸ್ಸಿನಲ್ಲಿ ಒಳ್ಳೆಯವನು.

“ಈ ಮರ ಎರಡ್ ತಿಂಗ್ಳು ಬಿಡೋಕಾಗ್ತದಾ?” ಎಂದು ಹಯಾತ್ ಕೇಳಿದ.

“ಯಾಕ? ಪೊಳ್ಳ ಮರ, ಸೌದಿಗಷ್ಟ. ಇದರಾಗ ನಿಂಗೇನ್ ಕೆಲಸ?”

ಒಳಗೆ ಹಕ್ಕಿ ಇದೆ, ಅದಕ್ಕೆ ಹಾರಲು ಬರುವುದಿಲ್ಲ, ಎನ್ನಬೇಕೆಂದೇ ಹಯಾತ್ ಬಾಯಿ ತೆರೆದ. ಇಪ್ಪತ್ತು ಜನ ಕೊಡಲಿ ಊರಿಕೊಂಡು ಅವನ ಮುಖವನ್ನೇ ನೋಡುತ್ತಿದ್ದರು. ಏಳು ವರ್ಷದಿಂದ ಇದೇ ಕಾಡಿನ ಮರಗಳನ್ನು ಸಾಗಿಸಿದವನು ಈಗ ಒಂದು ಹಕ್ಕಿಗೆ ಮರುಗುವುದೇ? ನಾಚಿಕೆಯಾಯಿತು. ಗಂಡಸರ ಮರ್ಯಾದೆಗೆ ಹೊಂದುವ ಕಾರಣವನ್ನೇ ಆರಿಸಿಕೊಂಡ.

“ಅದ್ರಲ್ಲಿ ಮಂಗಟ್ಟೆ ಇದೆ. ನಂಗೆ ಅದರ ಗರಿ ಬೇಕು. ಸಿತಾರ್ ಬಾರ್ಸೋಕೆ.”

“ಇಷ್ಟ ಹೌದಲ್ಲೊ!” ಶಿವಲಿಂಗಪ್ಪ ಅವನ ಬೆನ್ನು ತಟ್ಟಿದ. “ನಾ ನೋಡ್ಕೋತೀನಿ ಹೋಗು ಸಾಬ. ಚಿಂತಿ ಮಾಡಬ್ಯಾಡ.”

ಹಯಾತ್ ನಿರಾಳವಾಗಿ ಮನೆಗೆ ಬಂದು ಬೇಗಂ ಉಳಿದಳು ಎಂದು ಹೆಂಡತಿಗೆ ಹೇಳಿದ. ಅವಳು ಅಂದು ಸಕ್ಕರೆ ಹೆಚ್ಚಿಗೆ ಹಾಕಿ ಚಹಾ ಮಾಡಿದಳು.

ಮೂರನೆಯ ದಿನ ಹೇರಲು ಹೋದಾಗ ಆ ಮರವಿರಲಿಲ್ಲ. ಶಿವಲಿಂಗಪ್ಪ ನಗುತ್ತ ಬಂದು, ಟವೆಲ್ಲಿನಲ್ಲಿ ಕಟ್ಟಿದ ಒಂದು ಕಟ್ಟನ್ನು ಅವನ ಕೈಗಿಟ್ಟ.

“ಮೊದಲ ನಿನ್ನ ಮರಾನ ಕೆಡವಿಸಿದೆ. ತಡಾ ಆದ್ರ ಗರಿ ಹಾಳಾದಾವು ಅಂತ. ಪೊಟರ್‍ಯಾಗಿನವೂ ಅದಾವ, ಹಕ್ಕಿ ಬಾಲದವೂ ಅದಾವ. ಓಡಾಕೂ ಬರಲಿಲ್ಲ ಅದಕ್ಕ, ಕೈಲೇ ಹಿಡದ್ರು. ಜನ್ಮಕ್ಕ ಸಾಕಾಗ್ತಾವ ನೋಡು.”

ಅವನ ಮುಖದಲ್ಲಿ ಉಪಕಾರ ಮಾಡಿದ ಸಂತೋಷವಿತ್ತು. ಅವನನ್ನು ಬೈಯುವುದಕ್ಕೆ ಹಯಾತನಿಗೆ ಯಾವ ಬಾಯಿ? ಕೇಳಿದ್ದು ಗರಿ, ಸಿಕ್ಕಿದ್ದು ಗರಿ. “ಉಪಕಾರ ಆಯ್ತು,” ಎಂದ. ಲಾರಿ ಹೇರುವವರೆಗೂ ಗಂಡು ಹಕ್ಕಿ ಕೊಕ್ಕಿನಲ್ಲಿ ಹಣ್ಣು ಹಿಡಿದು, ಮರವಿದ್ದ ಜಾಗದ ಮೇಲೆ ಸುತ್ತುತ್ತಲೇ ಇತ್ತು. ಹಯಾತ್ ತಲೆಯೆತ್ತಲಿಲ್ಲ.

ಮನೆಯಲ್ಲಿ ಬದ್ರುನ್ನಿಸಾ ಕಟ್ಟನ್ನು ಬಿಚ್ಚಿ ಬೆರಗಾದಳು. “ಇಷ್ಟೊಂದಾ? ಬೇಗಂ ಇಷ್ಟ್ ಬೇಗ ಹೊರಗೆ ಬಂದ್ಲಾ?”

“ಬಂದ್ಲು,” ಎಂದ ಹಯಾತ್.

ಅಭ್ಯಾಸದಂತೆ ಒಂದು ಗರಿ ತೆಗೆದುಕೊಂಡ, ಹೆರೆದ, ಎಣ್ಣೆ ಹಚ್ಚಿದ, ಗೋಡೆಗೆ ಒರಗಿ ಮೀಟಿದ. ನಾದ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಬಂತು. ಅದನ್ನೇ ಅವನಿಗೆ ಸಹಿಸಲಾಗಲಿಲ್ಲ. ನಾಲ್ಕು ಸ್ವರಕ್ಕೆ ಗರಿಯನ್ನು ಕೆಳಗಿಟ್ಟ.

“ನಿನ್ ಬಾಚಣಿಗೆ ಕೊಡ್ತೀಯಾ?” ಎಂದು ಕೇಳಿದ.

ಬದ್ರುನ್ನಿಸಾ ಅವನನ್ನು ನೋಡಿದಳು, ಹರಡಿದ್ದ ಗರಿಗಳನ್ನು ನೋಡಿದಳು. ಎದ್ದು ಒಳಗೆ ಹೋಗಿ ಬಾಚಣಿಗೆಯನ್ನೂ ಬ್ಲೇಡನ್ನೂ ತಂದು ಅವನ ಮುಂದಿಟ್ಟು, ಗರಿಗಳನ್ನು ಒಂದೊಂದಾಗಿ ಹೆಕ್ಕಿ ಮತ್ತೆ ಟವೆಲ್ಲಿನಲ್ಲಿ ಕಟ್ಟಿದಳು. ಮುಂದಿನ ಬೇಸಗೆಯಲ್ಲಿ ಅವಳು ಬೇಗಮಳ ಸುದ್ದಿ ಕೇಳಲಿಲ್ಲ.